ಗೆರೆ ದಾಟಿದ ಕೊಸರು

ಹನ್ನೆರಡು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಾವು ಮಂಡ್ಯದ ಆಸ್ಪತ್ರೆಯಿಂದ ಊರಿಗೆ ಬಂದೆವು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಸ್ವಲ್ಪ ದೂರ ಹೋದರೆ ನಮ್ಮೂರು. ಮಗಳಿಗೆ ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಹುಟ್ಟಿದ ಎರಡನೇ ದಿನ ಅದರ ಎಡಗೈ ಎಡಗಾಲು ತಾವಾಗಿಯೇ ಅದುರಿ, ಕಣ್ಣು ಒಂದು ಕಡೆಗೆ ನಿಂತುಬಿಟ್ಟಿತ್ತು. ಫಿಟ್ಸು ಅಂದರು. ಹತ್ತು ದಿನ ಗಾಜಿನ ಕೋಣೆಯಲ್ಲಿಟ್ಟು ನೋಡಿ, ಅದು ನಿಂತ ಮೇಲೆ ಒಂದು ಸಿರಪ್ಪು ಬರೆದುಕೊಟ್ಟು ಕಳಿಸಿದರು. ಬೆಳಿಗ್ಗೆ ಒಂದೂವರೆ ಎಂ.ಎಲ್., ಸಂಜೆ ಒಂದೂವರೆ ಎಂ.ಎಲ್. ಒಂದು ಹೊತ್ತೂ ತಪ್ಪಬಾರದು. ಬಾಟಲಿ ತೀರುತ್ತಲೇ ಮದ್ದೂರಿನ ಮಕ್ಕಳ ಡಾಕ್ಟರಿಗೆ ಕೂಸನ್ನು ತೋರಿಸಿ ಬೇರೆ ಬಾಟಲಿ ಬರೆಸಿಕೊಳ್ಳಬೇಕು.

ಕೊಡುವುದಕ್ಕೆ ಸೂಜಿಯಿಲ್ಲದ ಪುಟ್ಟ ಸಿರಿಂಜು. ಮಂಡ್ಯದ ಸಿಸ್ಟರು ಗೆರೆಯನ್ನು ಬೆರಳಿಟ್ಟು ತೋರಿಸಿಯೇ ಕಳಿಸಿದ್ದರು. ನಾನೂ ತಲೆಯಾಡಿಸಿಕೊಂಡೇ ಬಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೂ ಹೇಳಿಕೊಡಲಿಲ್ಲ ಎಂದು ನಾನು ಅನ್ನುವ ಹಾಗಿಲ್ಲ.

ಬಾಣಂತಿಯ ಕಣ್ಣು ಸೋತಿರುತ್ತದೆ, ನೀನು ಮಲಗು, ಔಷಧಿಯ ಕೆಲಸ ನನ್ನದು ಎಂದು ಮಗಳಿಗೆ ಹೇಳಿದೆ. ಸಂಜೆ ದೀಪ ಹಚ್ಚಿ, ಮುತ್ತತ್ತಿರಾಯನ ಪಟಕ್ಕೆ ಕೈಮುಗಿದು, ಯಜಮಾನರ ಕನ್ನಡಕ ಏರಿಸಿಕೊಂಡು ಕುಳಿತೆ. ಸಿರಿಂಜಿನ ಮೂತಿಯನ್ನು ಸಿರಪ್ಪಿಗೆ ಅದ್ದಿ ಹಿಂದಕ್ಕೆ ಎಳೆದೆ. ಒಂದೂವರೆಯ ಗೆರೆಗೆ ಬಂತು. ಆಮೇಲೆ ನನ್ನ ಹೆಬ್ಬೆರಳು ಇನ್ನೊಂದು ಚೂರು ಎಳೆಯಿತು. ಎರಡು ಸಣ್ಣ ಗೆರೆ ಇರಬಹುದು. ಎಳೆಯಬೇಕು ಎಂದು ಯೋಚಿಸಿ ಎಳೆದದ್ದಲ್ಲ. ಗೆರೆಗೆ ಸರಿಯಾಗಿ ನಿಲ್ಲಿಸಿ ಕೊಡುವುದು ಕೈಗೆ ಗೊತ್ತೇ ಇರಲಿಲ್ಲ.

ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಹಸುಗಳಿವೆ. ಡೈರಿಗೆ ಹಾಕಿ ಉಳಿದ ಹಾಲನ್ನು ನಾಲ್ಕು ಮನೆಗೆ ವರ್ತನೆಗೆ, ಅಂದರೆ ದಿನಾ ಇಷ್ಟು ಎಂದು ಗೊತ್ತುಮಾಡಿ, ಕೊಡುತ್ತೇನೆ. ಡೈರಿಯಲ್ಲಿ ಮೆಷಿನ್ನು ಅಳೆಯುತ್ತದೆ, ಅದಕ್ಕೆ ಅದರದೇ ಲೆಕ್ಕ. ಮನೆ ಬಾಗಿಲಿಗೆ ಚೊಂಬು ಹಿಡಿದು ಬಂದವರಿಗೆ ಹಾಗಲ್ಲ. ಅಳತೆ ಪಾತ್ರೆ ತುಂಬಿ ಸುರಿದ ಮೇಲೆ ಇನ್ನೊಂದು ಧಾರೆ ಮೇಲಕ್ಕೆ ಬಿಡಬೇಕು. ಅದೇ ಕೊಸರು. ರಾಗಿ ಅಳೆದರೂ ಅಷ್ಟೇ, ಸೇರು ತುಂಬಿದ ಮೇಲೆ ಒಂದು ಹಿಡಿ. ಹೊಸದರಲ್ಲಿ ನಾನು ಪಾತ್ರೆಯ ಕಂಠಕ್ಕೆ ಸರಿಯಾಗಿ ಅಳೆದು ಕೊಡುವಾಗ ಅತ್ತೆ ಪಕ್ಕದಲ್ಲೇ ನಿಂತು ಬೈದಿದ್ದರು: "ಅದ್ಯಾಕವ್ವ ಅಂಗೆ ಕತ್ತರ್ಸ್ದಂಗೆ ಉಯ್ತೀಯ? ಇಸ್ಕಳೋರು ಏನಂದ್ಕತ್ತಾರೆ? ಕೈಯ ಇನ್ನೊಂಚೂರು ಬಗ್ಸು." ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಕೈ ಮಾತ್ರ ಇವತ್ತಿಗೂ ತಾನಾಗಿ ಬಗ್ಗುತ್ತದೆ. ಅಳೆದಷ್ಟೇ ಕೊಟ್ಟರೆ ಏನೋ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ಅದರಲ್ಲೂ ಮೊಮ್ಮಗಳಿಗೆ!

ಅಷ್ಟೇ ಅಲ್ಲ. ಕೂಸು ನಾಲಿಗೆಯಲ್ಲಿ ತಳ್ಳಿ ಎರಡು ಹನಿ ಕಟವಾಯಿಗೆ ಬಂದರೆ, ಅಯ್ಯೋ ಹೊರಗೆ ಹೋಯಿತಲ್ಲ ಎಂದು ಮತ್ತೆ ಒಂದಿಷ್ಟು ಎಳೆದು ಕೊಡುತ್ತಿದ್ದೆ. ಸೆರಗಿನಲ್ಲಿ ಒರೆಸಿದ್ದು ಎರಡು ಹನಿ, ತಿರುಗಿ ಕೊಟ್ಟದ್ದು ನಾಲ್ಕು ಗೆರೆ.

ಮೊದಲ ನಾಲ್ಕೈದು ದಿನ ಏನೂ ಕಾಣಲಿಲ್ಲ. ಆಮೇಲೆ ಕೂಸು ಮಲಗುವುದು ಹೆಚ್ಚಾಯಿತು. ನೀರು ಹಾಕಿ ಎರೆದರೆ ಅಳಬೇಕಲ್ಲ, ಇದು ಒಂದು ಸಲ ಮುಖ ಕಿವುಚಿ ಸುಮ್ಮನಾಗುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, "ಕೂಸದೋ ಇಲ್ವೋ ಅನ್ನಂಗದಲ್ಲಕ್ಕ ನಿಮ್ಮನೆ! ನಮ್ಮ ಮೊಮ್ಮಗ ಬೀದಿನೇ ಎದ್ದೇಳುಸ್ತನೆ" ಎಂದಳು. ನಾನು ದೃಷ್ಟಿಯಾದೀತು ಎಂದು ಅವತ್ತೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ.

ದಿನಾ ಸಂಜೆ ದೀಪದ ಮುಂದೆ ಕೂತು ಅವತ್ತು ದೇವರು ಮಾಡಿದ ಉಪಕಾರವನ್ನು ಬೆರಳಿನ ಗೆಣ್ಣು ಹಿಡಿದು ಎಣಿಸುವುದು ನನ್ನ ರೂಢಿ. ದೊಡ್ಡದೇನೂ ಅಲ್ಲ. ಕರೆಂಟು ಹೋಗಲಿಲ್ಲ, ಹಸು ಒದೆಯಲಿಲ್ಲ, ಮಂಡಿನೋವು ಕಮ್ಮಿಯಿತ್ತು, ಇಂಥವೇ. ಆ ದಿನಗಳಲ್ಲಿ ಕಿರುಬೆರಳಿನ ಮೊದಲ ಗೆಣ್ಣು ಕೂಸಿನ ನಿದ್ದೆಗೆ ಮೀಸಲಾಗಿತ್ತು. ಫಿಟ್ಸು ಬರಲಿಲ್ಲ, ಅಳಲಿಲ್ಲ, ಚೆನ್ನಾಗಿ ಮಲಗಿತು, ನಿನ್ನ ದಯೆ ತಂದೆ, ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದೇನೆ. ಒಂದು ದಿನವಲ್ಲ, ಎಂಟು ಹತ್ತು ದಿನ ಹೇಳಿದ್ದೇನೆ.

ಮಗಳಿಗೆ ಮೊದಲು ಅನುಮಾನ ಬಂತು. "ಅವ್ವ, ಬಾಯಿಗಿಕ್ಕುದ್ರೆ ನಾಕು ಗುಟುಕು ಚೀಪಿ ಬುಟ್ಬುಡ್ತಾಳೆ ಕಣವ್ವ. ಎದೆ ಕಟ್ಕಂಡು ನೋವು ತಡೆಯಕ್ಕಾಯ್ತಿಲ್ಲ" ಎಂದಳು.

"ಅಸಿವಾದ್ರೆ ತಾನೇ ಎದ್ದು ಕುಡೀತಳೆ ಬುಡು. ನೀನೂ ಇಂಗೇ ಇದ್ದೆ" ಎಂದೆ.

ಅವಳು ಹಾಗಿರಲಿಲ್ಲ. ಅವಳು ಹುಟ್ಟಿದ ಮೂರು ತಿಂಗಳು ನನ್ನನ್ನು ಕೂರಲು ಬಿಟ್ಟಿರಲಿಲ್ಲ. ಮಗಳ ಬಾಯಿ ಮುಚ್ಚಿಸುವುದಕ್ಕೆ ಅಂಥದೊಂದು ಸುಳ್ಳು ಹೇಗೆ ಬಂತೋ ಕಾಣೆ.

ಹದಿನಾಲ್ಕನೇ ದಿನ ಸಿರಪ್ಪು ತೀರಿತು. ಮರುದಿನ ಬೆಳಿಗ್ಗೆಯೇ ಖಾಲಿ ಬಾಟಲಿ, ಸಿರಿಂಜು, ಚೀಟಿ ಎಲ್ಲ ಚೀಲಕ್ಕೆ ಹಾಕಿಕೊಂಡು, ಆಟೋ ಮಾಡಿಕೊಂಡು ಮದ್ದೂರಿಗೆ ಹೋದೆವು. ಡಾಕ್ಟರ ಕೋಣೆಯ ಹೊರಗೆ ತೂಕ ನೋಡುವ ಸಿಸ್ಟರು ಹಲಗೂರು ಕಡೆಯ ಹುಡುಗಿ. ಕೂಸನ್ನು ತೂಕಕ್ಕೆ ಹಾಕಿ, ಚೀಟಿ ನೋಡಿ, ಮತ್ತೆ ತೂಕ ನೋಡಿದಳು.

"ಅಮ್ಮ, ನೂರು ಗ್ರಾಂ ಇಳ್ದದೆ. ಈ ಹೊತ್ಗೆ ಏರ್ಬೇಕಿತ್ತು. ಔಷಧಿ ಸರ್ಯಾಗಿ ಕೊಡ್ತಿದ್ದೀರಾ?"

"ಒಂದೊತ್ತೂ ತಪ್ಸಿಲ್ಲ ಕಣವ್ವ. ಬೇಕಾರೆ ನೋಡು, ಬಾಟ್ಲಿಲಿ ಒಂದ್ ತೊಟ್ಟಿಲ್ಲ" ಎಂದು ಖಾಲಿ ಬಾಟಲಿ ಎತ್ತಿ ತೋರಿಸಿದೆ. ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದೆ.

ಅವಳು ಬಾಟಲಿಯ ಮೇಲಿನ ಅಂಕಿ ಓದಿದಳು. "ಅರವತ್ತು ಎಂ.ಎಲ್. ದಿನಕ್ಕೆ ಮೂರು ಅಂದ್ರೆ ಇಪ್ಪತ್ತು ದಿನ ಬರ್ಬೇಕು. ಚೀಟಿ ನೋಡುದ್ರೆ ಹದ್ನಾಕು ದಿನ ಆಗದೆ. ಚೆಲ್ಬುಟ್ರಾ?"

"ಇಲ್ವಲ್ಲ."

ಅವಳು ಒಂದು ಲೋಟದಲ್ಲಿ ನೀರು ತಂದಳು. "ನೀವು ಎಂಗೆ ತುಂಬ್ತೀರೋ ಅಂಗೆ ನನ್ ಮುಂದೆ ಒಂದ್ಸಲ ತುಂಬಿ."

ನಾನು ಕನ್ನಡಕ ಏರಿಸಿಕೊಂಡು, ಮೂತಿ ಅದ್ದಿ, ಎಳೆದೆ. ಒಂದೂವರೆಗೆ ನಿಂತಿತು. ಅವಳು ಸರಿ ಎನ್ನುವ ಹಾಗೆ ತಲೆಯಾಡಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಹೆಬ್ಬೆರಳು ಮುಂದುವರಿಯಿತು.

"ಅದ್ಯಾಕೆ? ಗೆರೆ ದಾಟ್ತಲ್ಲ?"

"ಅದು ಕೊಸರು ಕಣವ್ವ" ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ಆ ಹುಡುಗಿ ನಗಲಿಲ್ಲ, ಬೈಯಲೂ ಇಲ್ಲ. ಬೇರೆ ಸೀಮೆಯವಳಾಗಿದ್ದರೆ ಏನು ಅಂತ ಕೇಳುತ್ತಿದ್ದಳೋ ಏನೋ. ಇವಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಸಿರಿಂಜನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಕಟವಾಯಿಂದ ಆಚಿಗೆ ಬಂದ್ರೆ ಮತ್ತೆ ಕೊಡ್ತೀರಾ?" ಎಂದಳು. ಹೂಂ ಎಂದೆ. ಕೂಸನ್ನು ಎತ್ತಿಕೊಂಡು ಸಾಲಿನಲ್ಲಿದ್ದವರನ್ನೆಲ್ಲ ದಾಟಿ ನೇರ ಒಳಕ್ಕೆ ನಡೆದಳು.

ಡಾಕ್ಟರಮ್ಮ ಕೂಸಿನ ಅಂಗಾಲನ್ನು ಬೆರಳಲ್ಲಿ ಚಿಮ್ಮಿದರು. ಕೂಸು ಹುಬ್ಬು ಗಂಟಿಕ್ಕಿತು, ಅಳಲಿಲ್ಲ. ಕೈ ಎತ್ತಿ ಬಿಟ್ಟರು. ಒದ್ದೆ ಬಟ್ಟೆಯ ಹಾಗೆ ಬಿತ್ತು. ಗಡಿಯಾರ ನೋಡಿಕೊಂಡು ಉಸಿರು ಎಣಿಸಿದರು. ಆ ಒಂದು ನಿಮಿಷದಷ್ಟು ಉದ್ದದ ನಿಮಿಷವನ್ನು ನಾನು ಕಂಡಿಲ್ಲ.

"ಔಷಧಿ ಮೈಯಲ್ಲಿ ಜಾಸ್ತಿಯಾಗಿದೆ. ಈ ಮಗು ಮಲಗಿರೋದು ನಿದ್ದೆಯಿಂದಲ್ಲ. ಈಗಲೇ ಮಂಡ್ಯಕ್ಕೆ ಕರ್ಕೊಂಡು ಹೋಗಿ, ನಾನು ಫೋನ್ ಮಾಡ್ತೀನಿ. ಇದನ್ನ ಒಂದೇ ಸಲ ನಿಲ್ಲಿಸಿದ್ರೂ ಮತ್ತೆ ಫಿಟ್ಸ್ ಬರುತ್ತೆ, ಅಲ್ಲಿನವರು ನೋಡ್ಕೊಂಡು ಇಳಿಸ್ತಾರೆ" ಎಂದು, ಚೀಟಿ ಬರೆಯುತ್ತಲೇ ಕೇಳಿದರು: "ಯಾರು ಕೊಡ್ತಿದ್ದದ್ದು?"

"ನಾವಿಬ್ರೂ" ಎಂದಳು ಮಗಳು.

"ಇಲ್ಲ ಡಾಕ್ಟ್ರೇ, ಅವಳು ಒಂದ್ಸಲಾನೂ ಮುಟ್ಟಿಲ್ಲ. ನಾನೊಬ್ಳೇ" ಎಂದೆ. ಮಗಳು ನನ್ನ ಕಡೆ ನೋಡಲಿಲ್ಲ.

ಮಂಡ್ಯಕ್ಕೆ ಕಾರಿನಲ್ಲಿ ಹೋದೆವು. ಗೆಜ್ಜಲಗೆರೆಯ ಹತ್ತಿರ ಪಾಳಿ ಬಿಟ್ಟ ಕಾರ್ಖಾನೆಯ ಬಸ್ಸು, ಬೈಕುಗಳು ಅಡ್ಡವಾಗಿ ಕಾರು ನಿಂತಿತು. ನಿಂತಷ್ಟು ಹೊತ್ತೂ ಮಗಳು ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡಿದ್ದಳು. ನಾನು ಬಾಯಿಬಿಟ್ಟು ದೇವರ ಹೆಸರು ಹೇಳುವುದಕ್ಕೂ ಹೆದರಿದೆ. ಹತ್ತು ದಿನ ಅವನ ಮುಂದೆ ಕೂತು ನಾನು ಯಾವುದಕ್ಕೆ ಕೈಮುಗಿದೆ? ಕೂಸಿನ ಜೀವ ಜಾರುವುದನ್ನು ನೋಡಿಕೊಂಡು, ನಿನ್ನ ದಯೆ ಎಂದೆ. ಅವನು ಕೇಳಿಸಿಕೊಂಡು ಏನೆಂದುಕೊಂಡನೋ.

ಎರಡು ದಿನ ಕೂಸಿನ ಮೂಗಿಗೆ ನಳಿಕೆ ಹಾಕಿ ಹಾಲು ಬಿಟ್ಟರು. ಉಸಿರಿಗೆ ಗಾಳಿ ಕೊಟ್ಟರು. ರಕ್ತದ ಪರೀಕ್ಷೆಯಲ್ಲಿ ಔಷಧಿ ಹೆಚ್ಚಾಗಿದ್ದದ್ದು ಬರೆದು ಬಂತು. ಆ ಎರಡು ದಿನ ಮಗಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ನೀರು ಕೊಡು, ಬಟ್ಟೆ ಕೊಡು. ಅದಕ್ಕಿಂತ ಹೆಚ್ಚಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಗಾಜಿನಾಚೆ ಕೂಸು ಕಾಲು ಝಾಡಿಸಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ಮಗಳು ಗೋಡೆಗೆ ಒರಗಿ ಕುಸಿದು ಕೂತಳು. ನಾನು ಅವಳ ಪಕ್ಕ ಕೂತೆ. ಅವಳು ಸರಿದು ಜಾಗ ಮಾಡಿದಳು. ಅಷ್ಟು ಸಾಕಾಗಿತ್ತು ನನಗೆ.

ಊರಿಗೆ ಬಂದ ಮೇಲೆ ಸಿರಿಂಜು ಮಗಳ ಕೈಗೆ ಹೋಯಿತು. ನಾನು ಕೇಳಲಿಲ್ಲ, ಅವಳೂ ಕೊಡಲಿಲ್ಲ. ಒಂದು ವಾರ ಬಿಟ್ಟು ಮದ್ದೂರಿಗೆ ಹೋದಾಗ ಹಲಗೂರಿನ ಆ ಹುಡುಗಿ ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡಳು. "ನೋಡಿ, ಒಳಗಿರೋ ರಬ್ಬರಿಗೆ ಎರಡು ಅಂಚವೆ. ಮೂತಿ ಕಡೆಗಿರೋ ಅಂಚು ಗೆರೆ ಮೇಲೆ ಕೂರ್ಬೇಕು, ಹಿಂದ್ಲದ್ದಲ್ಲ. ಮೇಲಿಂದ ಬಗ್ಗಿ ನೋಡ್ಬ್ಯಾಡಿ, ಕಣ್ಣಿನ ನೇರಕ್ಕೆ ಎತ್ತಿ ಹಿಡೀರಿ. ಗುಳ್ಳೆ ಇದ್ರೆ ಬೆರಳಲ್ಲಿ ತಟ್ಟಿ ಮೇಲಕ್ಕೆ ಬರ್ಸಿ, ಆಚಿಗೆ ತಳ್ಳಿ, ಆಮೇಲೆ ಮತ್ತೆ ನೋಡಿ. ತುಳುಕುದ್ರೆ ಮತ್ತೆ ಕೊಡ್ಬ್ಯಾಡಿ, ನನಗೆ ಫೋನ್ ಮಾಡಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇಬ್ರೂ ಸೇರ್ಕಂಡು ಮಾಡಿ. ಒಬ್ರು ತುಂಬೋದು, ಇನ್ನೊಬ್ರು ಎಷ್ಟದೆ ಅಂತ ಓದೋದು. ತುಂಬ್ದೋರು ಎಷ್ಟು ಅಂತ ಮೊದ್ಲೇ ಬಾಯಿ ಬಿಡಂಗಿಲ್ಲ" ಎಂದಳು.

ಅವತ್ತು ಸಂಜೆ ಮಗಳು ಸಿರಿಂಜು ತಂದು ನನ್ನ ಮುಂದಿಟ್ಟಳು. "ತುಂಬವ್ವ. ನಾ ಓದ್ತೀನಿ."

ಗೆರೆ ದಾಟಿಸಿದೆ, ಹಿಂದಕ್ಕೆ ತಳ್ಳಿದೆ, ಕಮ್ಮಿಯಾಯಿತು, ಮತ್ತೆ ಎಳೆದೆ. ಐದನೆಯದೋ ಆರನೆಯದೋ ಸಲ ರಬ್ಬರಿನ ಅಂಚು ಗೆರೆಯ ಮೇಲೆ ಕೂತಿತು. ಹೆಬ್ಬೆರಳನ್ನು ಅಲ್ಲಿಗೇ ನಿಲ್ಲಿಸುವುದಕ್ಕೆ ನಾನು ಪಟ್ಟ ಕಷ್ಟ ಬೇರೆಯವರಿಗೆ ನಗು ತರಬಹುದು. ಕೊಸರು ಕೊಡುವುದು ನಮ್ಮದರಲ್ಲಿ. ನನ್ನ ಹಸುವಿನ ಹಾಲು, ನನ್ನ ಹೊಲದ ರಾಗಿ, ಅದರಲ್ಲಿ ಎಷ್ಟು ಬಿಟ್ಟರೂ ನನ್ನ ಇಷ್ಟ. ಈ ಅಳತೆ ನನ್ನದಲ್ಲ. ಅದು ಆ ಕೂಸಿನ ತೂಕದ ಲೆಕ್ಕ. ಇದು ಅರ್ಥವಾದದ್ದು ಬೇಗ. ಕೈಗೆ ಅರ್ಥವಾಗುವುದಕ್ಕೆ ತಿಂಗಳು ಹಿಡಿಯಿತು.

ಯಜಮಾನರು ಒಂದೇ ಮಾತು ಹೇಳಿದ್ದರು: "ಕೂಸು ಉಳ್ಕತಲ್ಲ, ಸಾಕು ಬುಡು. ಬೀಗ್ರ ಕಿವಿಗೆ ಆಕ್ಬ್ಯಾಡ. ನಾಳೆ ನಮ್ಮುಡುಗೀನ ಆಡ್ಕತ್ತಾರೆ." ಅದು ನನಗೂ ಸರಿ ಅನ್ನಿಸಿತು. ಬೆಳಕವಾಡಿಯ ಬೀಗರಿಗೆ, ಕೂಸು ಹಾಲು ಕುಡಿಯುತ್ತಿರಲಿಲ್ಲ ಅದಕ್ಕೇ ಅಡ್ಮಿಟ್ ಮಾಡಿದ್ದೆವು ಎಂದು ಹೇಳಿ ಮುಗಿಸಿದೆವು. ಅಳಿಯನಿಗೂ ಅಷ್ಟೇ ಗೊತ್ತಿತ್ತು.

ಐದನೇ ತಿಂಗಳಿಗೆ ಕೂಸನ್ನು ಕಳಿಸಿಕೊಡುವ ಮಾತು ಬಂತು. ಅದರ ತೂಕ ಏರಿದ ಹಾಗೆ ಡಾಕ್ಟರು ಔಷಧಿಯನ್ನೂ ಒಂದು ಪಾಯಿಂಟ್ ಎಂಟಕ್ಕೆ ಏರಿಸಿದ್ದರು. ಅಂದು ಹೆಚ್ಚಾದ ಅಳತೆ ಇಂದು ಹೆಚ್ಚುಕಮ್ಮಿ ಅದರ ಸರಿಯಾದ ಅಳತೆ. ಇನ್ನೂ ಎಷ್ಟು ತಿಂಗಳು ಕೊಡಬೇಕೋ ಗೊತ್ತಿಲ್ಲ. ಮಗಳು ಮಳವಳ್ಳಿಯ ಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಎಂಟಕ್ಕೆಲ್ಲ ಬಸ್ಸು ಹಿಡಿಯಬೇಕು. ಕೂಸು, ಔಷಧಿ ಎರಡೂ ಅಲ್ಲಿನ ಅಜ್ಜಿಯ ಕೈಗೆ. ಬೀಗಿತ್ತಿ ಎಮ್ಮೆ ಕಟ್ಟಿದವರು, ಅವರೂ ವರ್ತನೆಗೆ ಹಾಲು ಹಾಕುವವರು. ಅವರ ಕೈಯನ್ನು ನಾನು ನೋಡಿದ್ದೇನೆ. ನಾಮಕರಣದ ದಿನ ಪಾಯಸ ಬಡಿಸುವಾಗ ಸೌಟು ಕವುಚಿದ ಮೇಲೂ ಇನ್ನೊಂದು ಸಲ ಅದ್ದಿ ಕವುಚುತ್ತಿದ್ದರು.

ನಾನು ಸುಮ್ಮನಿದ್ದರೆ ನಮ್ಮ ಮನೆಯ ಮಾನ ಉಳಿಯುತ್ತಿತ್ತು. ಕೂಸು ಉಳಿಯುತ್ತದೆಯೇ? ಮೂರು ದಿನ ಇದನ್ನೇ ಇಟ್ಟುಕೊಂಡು ಒದ್ದಾಡಿದೆ.

ಹೊರಡುವ ದಿನ ಬೀಗಿತ್ತಿಯೇ ಬಂದಿದ್ದರು. ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ಗಂಡಸರು ಹೊರಗೆ ಕಾರಿಗೆ ಸಾಮಾನು ತುಂಬುತ್ತಿದ್ದರು. ನಾನು ಬೀಗಿತ್ತಿಯನ್ನು ಅಡುಗೆಮನೆಗೆ ಕರೆದು, ಕದ ಮುಂದೆ ಮಾಡಿ, ನಿಂತುಕೊಂಡೇ ಎಲ್ಲ ಹೇಳಿದೆ. ಕೊಸರು, ತುಳುಕಿದ್ದಕ್ಕೆ ಮತ್ತೆ ಕೊಟ್ಟದ್ದು, ಮೂಗಿನ ನಳಿಕೆ, ಒಂದನ್ನೂ ಬಿಡಲಿಲ್ಲ. "ನಿಮ್ಮ ಸೊಸೇದು ಇದ್ರಲ್ಲಿ ಏನೂ ಇಲ್ಲ, ಅವಳು ಬ್ಯಾಡ ಅಂತಿದ್ಲು, ನಾನೇ" ಎಂದು ಸೇರಿಸಿದೆ. ಬೇಡ ಅಂದಿದ್ದಳು ಎನ್ನುವುದು ನಿಜವಲ್ಲ. ಅದೊಂದನ್ನು ದೇವರು ಮನ್ನಿಸಲಿ.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. "ನಾಕ್ ತಿಂಗ್ಳು ಬಾಯಿ ಒಲ್ಕಂಡಿದ್ರಾ ಬೀಗ್ರೆ? ಕೂಸು ಅಂಗೆ ಬಿದ್ಕಂಡಿದ್ರೂ ಆಲು ಕುಡೀನಿಲ್ಲ ಅಂದ್ರಲ್ಲ, ನಾನೂ ಅದ್ನೇ ಊರ್ಗೆಲ್ಲ ಯೋಳ್ಕಂಡ್ ಬಂದೆ!"

"ತಪ್ಪಾಯ್ತು."

"ಅವತ್ತೇ ಅಂದಿದ್ರೆ ನಾ ಏನ್ ನಿಮ್ಮುಡುಗೀನ ನುಂಗ್ಬುಡ್ತಿದ್ನಾ?"

ಹೊರಗಿನಿಂದ ಯಜಮಾನರು, "ಲೇ, ಆಯ್ತೇನಮ್ಮಿ? ಒತ್ತಾಯ್ತದೆ" ಎಂದು ಕೂಗಿದರು. ಬೀಗಿತ್ತಿ ಕದದ ಕಡೆ ತಿರುಗಿ, ಅವರಿಗಿಂತ ಜೋರಾಗಿ, "ಇರಿ ಅತ್ಲಾಗೆ! ರಾಹುಕಾಲ ನಿಮ್ಮನ್ನೇನ್ ಹಿಡ್ಕಂಡೋಗಲ್ಲ" ಎಂದು ಕೂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಕೂತರು. "ತನ್ನಿ. ಎಂಗ್ ನೋಡದು, ತೋರ್ಸಿ."

ಲೋಟದಲ್ಲಿ ನೀರಿಟ್ಟೆ. ರಬ್ಬರಿನ ಅಂಚು ತೋರಿಸಿದೆ. ಅವರು ಎಳೆದರು. ಒಂದು ಪಾಯಿಂಟ್ ಎಂಟಕ್ಕೆ ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಹೆಬ್ಬೆರಳು ಇನ್ನಷ್ಟು ಹಿಂದಕ್ಕೆ ಜಾರಿ ರಬ್ಬರು ಎರಡರ ಗೆರೆ ಮುಟ್ಟಿತು.

ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಬೀಗಿತ್ತಿ ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗಕ್ಕೆ ಹೆದರಿಕೆ ಬಂತು. "ಅಯ್ಯೋ ಶಿವನೆ, ನಾನು ಎಳೀನೇ ಇಲ್ಲ ಕಣ್ರೀ" ಎಂದರು.

"ಗೊತ್ತು" ಎಂದೆ.

ಮತ್ತೆ ಮತ್ತೆ ಮಾಡಿದೆವು. ನಾಲ್ಕು ಸಲ ಸರಿಯಾಗಿ ನಿಂತ ಮೇಲೆಯೇ ನಾನು ಕದ ತೆಗೆದದ್ದು. ಅವತ್ತಿನ ಬೆಳಗಿನ ಔಷಧಿಯನ್ನು ಅವರ ಕೈಯಿಂದಲೇ ತುಂಬಿಸಿ, ನಾನು ಓದಿ, ಮಗಳು ಮತ್ತೊಮ್ಮೆ ಓದಿ, ಕೂಸಿಗೆ ಕುಡಿಸಿದೆವು. ಕಾರು ಹೊರಟಾಗ ರಾಹುಕಾಲ ಹಿಡಿದು ಕಾಲು ಗಂಟೆಯಾಗಿತ್ತು.

ಸಂಜೆ ಆರಕ್ಕೆ ಫೋನು ಬಡಿದುಕೊಂಡಿತು. ವಿಡಿಯೋ ಕಾಲು. ಮೊದಲು ಬೆಳಕವಾಡಿಯ ಮನೆಯ ಸೂರು ಕಂಡಿತು, ಆಮೇಲೆ ಬೀಗಿತ್ತಿಯ ಒಂದು ಕಿವಿ, ಆಮೇಲೆ ಪರದೆಯ ತುಂಬ ಸಿರಿಂಜು.

"ನಿಮ್ಮ ಮಗಳು ಓದವಳೆ. ನೀವೂ ಓದ್ಬುಡಿ ಬೀಗ್ರೆ. ನಾ ಎಷ್ಟು ಅಂತ ಯೋಳಕಿಲ್ಲ."

ಗೆರೆಗಳೆಲ್ಲ ಕಲಸಿಹೋಗಿದ್ದವು. "ಕೈ ಅಳ್ಳಾಡ್ತದೆ, ಬೆಳಕಿಗೆ ಬನ್ನಿ" ಎಂದೆ.

"ಕನ್ನಡಕ ಆಕಳಿ ಮೊದ್ಲು!"

ಹಾಕಿಕೊಂಡೆ. ಅವರು ಬಾಗಿಲ ಹತ್ತಿರ ಬಂದು ಉಸಿರು ಬಿಗಿಹಿಡಿದು ನಿಂತರು. ರಬ್ಬರಿನ ಅಂಚು ಕಾಣಿಸಿತು. ಅದು ಸರಿಯಾಗಿ ಕೂತಿದ್ದ ಗೆರೆ ಕಾಣಿಸಿತು.

"ಒಂದು ಪಾಯಿಂಟ್ ಎಂಟು" ಎಂದೆ. "ಕೊಡಿ."